ಪುರುಸನ ಮುಂದೆ ದೇವಿದಾಸನ ಅರ್ಜಿ

ಕದ್ವಾಡದ ದೇವಿದಾಸ ಇನ್ನೂರ ಹನ್ನೊಂದು ಮಂದಿಯನ್ನು ಬಿನ್ನವತ್ತಳೆ ಓದಿ ಮನೆಗೆ ಕಳಿಸಿದವನು. ಕಾರವಾರದ ಯಾವ ಕಚೇರಿಯಲ್ಲಿ ಯಾರೇ ನಿವೃತ್ತರಾಗಲಿ, ಶಾಲು ಒಬ್ಬರ ಕಡೆಯಿಂದ, ಹಾರ ಇನ್ನೊಬ್ಬರ ಕಡೆಯಿಂದ, ಹಣ್ಣಿನ ಬುಟ್ಟಿ ಮತ್ತೊಬ್ಬರ ಕಡೆಯಿಂದ ಬಂದರೂ ಚೌಕಟ್ಟು ಹಾಕಿದ ಬಿನ್ನವತ್ತಳೆ ಮಾತ್ರ ದೇವಿದಾಸನ ಕಡೆಯಿಂದಲೇ ಬರಬೇಕು. "ಹೇ ಕರ್ತವ್ಯನಿಷ್ಠರೇ" ಎಂದು ಅವನು ಮೈಕಿನ ಮುಂದೆ ಶುರುಮಾಡಿದರೆ, ಮೂವತ್ತು ವರ್ಷ ಹನ್ನೊಂದೂವರೆಗೆ ಕಚೇರಿಗೆ ಬಂದವನಿಗೂ ತಾನು ಹತ್ತಕ್ಕೇ ಬರುತ್ತಿದ್ದೆನೇನೋ ಎಂಬ ಅನುಮಾನ ಹುಟ್ಟಿ ಕಣ್ಣು ತೇವವಾಗುತ್ತಿತ್ತು. ಹಾಜರಿ ಪುಸ್ತಕಕ್ಕೆ ಸಹಿ ಮಾಡಿದವರೆಲ್ಲ ನೌಕರರಾದರು. ದೇವಿದಾಸ ಆ ಸಹಿಗೊಂದು ದೀರ್ಘವನ್ನೂ ಒಂದು 'ತಿ'ಯನ್ನೂ ಸೇರಿಸಿಕೊಂಡು ಸಾಹಿತಿಯಾದ. ಹಾಗೆಂದು ಅವನನ್ನು ಮೊದಲು ಕರೆದವರು ಯಾರು ಎಂದು ಕೇಳಬಾರದು. ಗೇಟಿನ ಮೇಲೆ ಅವನೇ ಬರೆಸಿದ್ದ.

ಅಂಥವನ ಬರಹಕ್ಕೆ ಬರ ಬಂತು. ಬಂದದ್ದೂ ಎಂಥ ಹೊತ್ತಿನಲ್ಲಿ! ಅವನ ಆಯಿ ಹೀರಾಬಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷಾಂತಿಕದ ದಿನ ಪತ್ರಿಕೆಯಲ್ಲಿ ಆಯಿಯ ಫೋಟೋ ಹಾಕಿಸಿ, ಕೆಳಗೆ ನಾಲ್ಕು ಸಾಲು ಬರೆಯಬೇಕು. ಪತ್ರಿಕೆಯ ಕೌಂಟರಿನವನು ಕಣ್ಣೆತ್ತದೆ ಹೇಳಿದ್ದ: "ಸಾಲು ನಮ್ಮ ಹತ್ರ ರೆಡಿ ಉಂಟು ಸರ್. ಒಂದರಿಂದ ಎಂಟರವರೆಗೆ ನಮೂನೆ. ತಾಯಿಗೆ ಮೂರನೇ ನಂಬರು ಚೊಲೋ ಓಡ್ತದೆ."

"ನನ್ನ ಆಯಿಗೆ ಮೂರನೇ ನಂಬರಾ? ನಾನು ಯಾರು ಗೊತ್ತುಂಟಾ?"

"ಮಗ ಅಲ್ವಾ ಸರ್?"

"ಸಾಹಿತಿ."

"ಹಂಗಾದ್ರೆ ಬರೋ ಬುಧವಾರಲ್ಲ, ಅದರ ಮುಂದಿನ ಬುಧವಾರ ಸಂಜೆ ಐದರ ಒಳಗೆ ಕೊಡಿ. ಇಲ್ಲಾಂದ್ರೆ ಮೂರನೇ ನಂಬರು ಹಾಕ್ತೆ."

ದೇವಿದಾಸ ಮನೆಗೆ ಬಂದು ಕೂತ. ಇನ್ನೂರ ಹನ್ನೊಂದು ಜನರಿಗೆ ಹರಿದ ಪೆನ್ನು ಹೆತ್ತವಳ ಹೆಸರು ಬರೆದು ನಿಂತುಬಿಟ್ಟಿತು. ಬಹಳ ತಿಣುಕಿದ ಮೇಲೆ ಬಂದದ್ದು ಇಷ್ಟು: "ಹೇ ಕರ್ತವ್ಯನಿಷ್ಠರೇ, ತಾವು ಈ ಮನೆಯಲ್ಲಿ ವಿವಿಧ ಹುದ್ದೆಗಳಲ್ಲಿ ಸುದೀರ್ಘ ಸೇವೆ ಸಲ್ಲಿಸಿ..." ಓದಿಕೊಂಡು ತನ್ನ ಮೇಲೆ ತನಗೇ ಹೇಸಿಗೆಯಾಗಿ ಮುದುಡಿ ಎಸೆದ. ಮರುದಿನವೂ ಅದೇ ಬಂತು. ಅದರ ಮರುದಿನ 'ವಿವಿಧ ಹುದ್ದೆ'ಯ ಜಾಗದಲ್ಲಿ 'ಅಡುಗೆ ವಿಭಾಗ' ಬಂತು.

"ಅಹೋ, ಬರೀರಿ ಬರೀರಿ," ಎಂದಳು ಹೆಂಡತಿ ರೂಪಾ, ಕಾಗದದ ಉಂಡೆಗಳನ್ನು ಸೆರಗಿಗೆ ತುಂಬಿಕೊಳ್ಳುತ್ತ. "ಈ ಸಲ ಬಚ್ಚಲ ಒಲೆಗೆ ತೆಂಗಿನ ಗರಿನೇ ಬೇಕಾಗ್ಲಿಲ್ಲ."

ಮಗಳು ದೀಕ್ಷಾ ಕಾಲೇಜಿನಲ್ಲಿ ಓದುತ್ತಿದ್ದವಳು. ಅವಳ ಬಳಿ ಎಲ್ಲ ರೋಗಕ್ಕೂ ಮೊಬೈಲಿನಲ್ಲಿ ಮದ್ದಿತ್ತು. "ಪಪ್ಪಾ, ಇದಕ್ಕೆ ರೈಟರ್ಸ್ ಬ್ಲಾಕ್ ಅಂತಾರೆ."

"ಬ್ಲಾಕು ಹೃದಯಕ್ಕೆ ಬರೂದಲ್ಲನಾ?"

"ಬರಿಯೋವ್ರಿಗೆ ಕೈಗೂ ಬರ್ತದೆ. ಅದಕ್ಕೆ ಪ್ರಾಂಪ್ಟ್ ಕೊಡ್ತಾರೆ. ದಿನಾ ಒಂದು ವಿಷಯ. ಅಜ್ಜಿ ವಿಚಾರ ಬಿಟ್ಟು ಸುಮ್ನೆ ಬೇರೆ ಏನಾದ್ರೂ ಬರೀತಾ ಹೋದ್ರೆ ಒಂದಿನ ಕೈ ತಾನೇ ಬಿಡ್ತದೆ." ಹೀಗೆಂದು ಅವಳು ಎಲ್ಲಿಂದಲೋ ಇಳಿಸಿಕೊಂಡ ನಲವತ್ತು ವಿಷಯಗಳನ್ನು ಚೀಟಿಗಳಲ್ಲಿ ಬರೆದು, ಖಾಲಿ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಅಪ್ಪನ ಮುಂದಿಟ್ಟಳು.

ಭಾನುವಾರದ ಚೀಟಿ: ನಿಮ್ಮ ಮನೆಯ ಒಂದು ವಸ್ತುವಿಗೆ ಮಾತು ಬಂದರೆ ಏನು ಹೇಳೀತು? ದೇವಿದಾಸ ಕಪಾಟಿನ ಪರವಾಗಿ ಒಂದು ರಜಾ ಅರ್ಜಿ ಬರೆದ. ಸೋಮವಾರದ ಚೀಟಿ: ಮಣ್ಣಿನ ವಾಸನೆಯನ್ನು ವರ್ಣಿಸಿ. ಅವನು ಬರೆದದ್ದು: "ವಿಷಯ: ಮಣ್ಣಿನ ವಾಸನೆಯ ಕುರಿತು ವರದಿ. ಸ್ಥಳ ಪರಿಶೀಲಿಸಲಾಗಿ, ವಾಸನೆ ಇರುವುದು ಕಂಡುಬಂದಿರುತ್ತದೆ." ಮೂವತ್ತು ವರ್ಷ ಆವಕ ವಿಭಾಗದಲ್ಲಿ ಪತ್ರಗಳಿಗೆ ನಂಬರು ಹಾಕಿದ ಕೈ ಅದು. 'ಇಂದ', 'ಇವರಿಗೆ', 'ವಿಷಯ' ಎಂಬ ಮೂರು ಮೆಟ್ಟಿಲು ಹತ್ತದೆ ಒಳಕ್ಕೆ ಹೋಗಲು ಅದಕ್ಕೆ ಬರುತ್ತಿರಲಿಲ್ಲ.

ಮಂಗಳವಾರ ಕಚೇರಿಗೆ ರಜೆ. ಮನೆಯಲ್ಲಿ ರೂಪಾಳ ಮಿಕ್ಸರು, ಪಕ್ಕದ ಮನೆಯಲ್ಲಿ ಕಿಶನನ ಪಂಪು. ದೇವಿದಾಸ ಚೀಟಿಯನ್ನು ಕಿಸೆಗೆ ಹಾಕಿಕೊಂಡು ಗದ್ದೆ ದಾಟಿ ಗಡಿ ಪುರುಸನ ಗುಡಿಯ ಜಗಲಿಗೆ ಹೋದ.

ಈ ಪುರುಸ ಊರ ಗಡಿ ಕಾಯುವ ದೇವರು. ಅವನಿಗೆ ಮುಖವಿಲ್ಲ, ಎದೆಮಟ್ಟದ ಒಂದು ಕಲ್ಲು ಅಷ್ಟೇ. ಯಾರಿಗಾದರೂ ಅನ್ಯಾಯವಾದರೆ ಅವರು ಬಂದು ಕಲ್ಲಿನ ಮುಂದೆ ತೆಂಗಿನಕಾಯಿ ಇಟ್ಟು ದೂರು ಹೇಳಬೇಕು. ಅದಕ್ಕೆ ಗಾರಾಣೆ ಹಾಕುವುದು ಎನ್ನುತ್ತಾರೆ. ಹಾಕಿದ ಏಳು ದಿನದೊಳಗೆ ತಪ್ಪು ಮಾಡಿದವನು ತಾನಾಗಿ ಬಂದು ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಎಂಟನೇ ದಿನ ಏನಾಗುತ್ತದೆ ಎಂಬುದನ್ನು ಕದ್ವಾಡದಲ್ಲಿ ಯಾರೂ ನೋಡಿಲ್ಲ, ಏಕೆಂದರೆ ಎಂಟನೇ ದಿನದವರೆಗೆ ಕಾಯುವ ಎದೆ ಯಾರಿಗೂ ಇರಲಿಲ್ಲ. ದೇವಿದಾಸನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಆದರೆ ಬರೆಯುವಾಗ ಅವನಿಗೆ ತನ್ನ ಹೆಸರೂ ನೆನಪಿರುತ್ತಿರಲಿಲ್ಲ, 'ಇಂದ' ಎಂಬಲ್ಲಿ ತುಂಬುವಾಗ ಮಾತ್ರ ಬರುತ್ತಿತ್ತು.

ಚೀಟಿ ಬಿಡಿಸಿದ: ನಿಮಗೆ ಅನ್ಯಾಯ ಮಾಡಿದವರಿಗೆ ಒಂದು ಪತ್ರ ಬರೆಯಿರಿ. ಹೆಸರು ಬೇಡ. ಕಳಿಸಬೇಡಿ.

ಅನ್ಯಾಯ ಮಾಡಿದವರು ಯಾರು ಎಂದು ಬಹಳ ಯೋಚಿಸಿದ. ಯಾರೂ ನೆನಪಾಗಲಿಲ್ಲ. ಆದರೂ ಕೈ ಓಡಿತು:

"ಇಂದ: ದೇವಿದಾಸ, ಪ್ರಥಮ ದರ್ಜೆ ಸಹಾಯಕ ಹಾಗೂ ಸಾಹಿತಿ, ಕದ್ವಾಡ. ಇವರಿಗೆ: ಸಂಬಂಧಪಟ್ಟವರಿಗೆ. ವಿಷಯ: ನನಗಾದ ಅನ್ಯಾಯದ ಕುರಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಮಾಡಿದ್ದು ನನಗೆ ಗೊತ್ತಿದೆ. ಇದುವರೆಗೆ ಸುಮ್ಮನಿದ್ದೆ. ಈ ಪತ್ರ ತಲುಪಿದ ಏಳು ದಿನಗಳ ಒಳಗಾಗಿ ಖುದ್ದು ಹಾಜರಾಗಿ ಒಪ್ಪಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು. ಪ್ರತಿ: ಕಡತಕ್ಕೆ."

ಏಳು ದಿನ ಎಂದು ಬರೆದದ್ದು ಪುರುಸನ ಪ್ರಭಾವವಲ್ಲ, ಕಚೇರಿಯ ಅಭ್ಯಾಸ. ಅಲ್ಲಿ ಎಲ್ಲ ನೋಟಿಸಿಗೂ ಏಳೇ ದಿನ. ಆದರೂ ಓದಿಕೊಂಡಾಗ ಅವನಿಗೆ ರೋಮಾಂಚನವಾಯಿತು. ಅಷ್ಟರಲ್ಲಿ ಕಾಳಿ ನದಿಯ ಕಡೆಯಿಂದ ಗಾಳಿ ಬೀಸಿ ಕಾಗದ ಹಾರಿತು. ಹಿಡಿದು, ಕಲ್ಲಿನ ಮುಂದೆ ಯಾರೋ ಇಟ್ಟಿದ್ದ ಕಾಯಿಯ ಅಡಿಗೆ ಸಿಕ್ಕಿಸಿದ. ಅದೇ ಹೊತ್ತಿಗೆ ಗದ್ದೆಯ ಆಚೆಯಿಂದ ರೂಪಾ ಕೂಗಿದಳು: "ಅಹೋಓಓ! ಗ್ಯಾಸಿನವ ಬಂದಾನೆ! ಪುಸ್ತಕ ಎಲ್ಲಿ ಇಟ್ಟೀರಿ?" ಗ್ಯಾಸಿನವನು ದೇವರಂತೆ ಕಾಯುವವನಲ್ಲ. ದೇವಿದಾಸ ಓಡಿದ. ಕಾಗದ ಕಾಯಿಯ ಅಡಿಯಲ್ಲೇ ಉಳಿಯಿತು.

ಸಂಜೆ ದೀಪ ಹಚ್ಚಲು ಬಂದವಳು ನಾಗಮ್ಮ. ಎರಡು ಮನೆ ಆಚೆಯವಳು, ಗುಡಿ ಗುಡಿಸುವವಳು, ಊರ ಸುದ್ದಿಯನ್ನೂ ಗುಡಿಸಿ ಒಂದೆಡೆ ಸೇರಿಸುವವಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ಏಳು ದಿನ'ಕ್ಕೆ ಬಂದಾಗ ಎಣ್ಣೆ ಗಿಂಡಿಯನ್ನು ಕೆಳಗಿಟ್ಟಳು. ಬಾಯಲ್ಲಿ ಹೇಳಿದ ಗಾರಾಣೆ ಕೇಳಿದ್ದಳು. ಬರವಣಿಗೆಯಲ್ಲಿ, ಅದೂ ಕಡತಕ್ಕೆ ಪ್ರತಿ ಇಟ್ಟು ಹಾಕಿದ್ದನ್ನು ಅವಳ ಅಜ್ಜಿಯೂ ಕಂಡಿರಲಿಲ್ಲ.

"ನಾನು ಯಾರಿಗೂ ಹೇಳುಕೆ ಹೋಗುದಿಲ್ಲ," ಎಂದು ಅವಳು ಮೊದಲನೇ ಮನೆಯಲ್ಲಿ ಹೇಳಿದಳು. ಎರಡನೇ ಮನೆಯಲ್ಲೂ ಹಾಗೇ ಹೇಳಿದಳು. ಹನ್ನೆರಡನೇ ಮನೆಗೆ ಬರುವಾಗ ಅವಳ ಗಂಟಲು ಕಟ್ಟಿತ್ತು.

ಆ ಸಂಜೆ ಕಿಶನನ ಪಂಪು ಸುಟ್ಟಿತು. ಕಿಶನನ ಪಂಪು ತಿಂಗಳಿಗೆರಡು ಸಲ ಸುಡುತ್ತಿತ್ತು ನಿಜ. ಆದರೆ ಅದುವರೆಗೆ ಅದು ಕಾರಣವಿಲ್ಲದೆ ಸುಡುತ್ತಿತ್ತು.

ಬುಧವಾರ ಬೆಳಿಗ್ಗೆ ದೇವಿದಾಸ ಹಲ್ಲುಜ್ಜುತ್ತಿದ್ದಾಗ ಕಿಶನ ಒಂದು ಪಪ್ಪಾಯಿ ಹಿಡಿದು ಅಂಗಳದಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ದೇವಿದಾಸಣ್ಣಾ, ನಿಂಗೆ ಗೊತ್ತಾಗೀದೆ ಅಲ್ಲಾ?"

ದೇವಿದಾಸನ ಬಾಯಿ ತುಂಬ ನೊರೆ. "ಹ್ಞೂಂ," ಎಂದ.

"ನಂಗೆ ಗೊತ್ತಿತ್ತು ನಿಂಗೆ ಗೊತ್ತಾಗ್ತದೆ ಅಂತ! ನಿಮ್ಮ ಆಯಿ ಹದಿಮೂರನೇ ದಿನ, ನೀವೆಲ್ಲ ಒಳಗೆ ಊಟಕ್ಕೆ ಕೂತಿದ್ರಿ. ನಾನೂ ಕೂತಿದ್ದೆ. ಪಾಯಸ ಬರೂದು ತಡ ಆಯ್ತು. ಸುಮ್ನೆ ಕೂತ್ಕಂಡು ಎಂತ ಮಾಡೂದು ಹೇಳಿ ಹೊರಗೆ ಬಂದೆ. ಬೇಲಿ ಕಂಬ ಸಡಿಲ ಇತ್ತು. ಒಂದೂವರೆ ಮೊಳ ಈಚೆ ಹಾಕಿಬಿಟ್ಟೆ. ವಾಪಸ್ ಬಂದು ಪಾಯಸ ಉಂಡೆ ಅಣ್ಣಾ! ಎರಡು ಸಲ ಹಾಕಿಸ್ಕಂಡೆ! ಇವತ್ತೇ ಕಂಬ ಹಿಂದೆ ಹಾಕ್ತೆ. ಪುರುಸನ ಹತ್ರ ಹಾಕಿದ ಗಾರಾಣೆ ಒಂದು ತೆಗೆದುಬಿಡು!"

ಆಗ ದೇವಿದಾಸನಿಗೆ ಕಾಗದ ನೆನಪಾಯಿತು. ಬಾಯಿ ಮುಕ್ಕಳಿಸಿ, "ಅಯ್ಯೋ ಕಿಶನಾ, ಅದು ಹಾರ್ಲಿಕ್ಸ್ ಬಾಟಲಿ ಚೀಟಿ ಮಾರಾಯ" ಎಂದು ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಆದರೆ ಅವನು ಬರೆದದ್ದನ್ನು ಓದಿ ಒಬ್ಬ ಮನುಷ್ಯ ನಡುಗುತ್ತಿರುವುದನ್ನು ದೇವಿದಾಸ ಜನ್ಮದಲ್ಲಿ ಮೊದಲ ಸಲ ಕಾಣುತ್ತಿದ್ದ. ಯಾವ ಲೇಖಕ ತಾನೇ ಅಂಥ ಓದುಗನ ಕಣ್ಣು ತೆರೆಸಿಯಾನು? ಟವೆಲಿನಿಂದ ಬಾಯಿ ಒರೆಸಿಕೊಂಡು, ವಿಚಾರಣಾಧಿಕಾರಿಯ ಗತ್ತಿನಲ್ಲಿ, "ಗೊತ್ತಿತ್ತು. ನೀನಾಗೇ ಹೇಳ್ಲಿ ಅಂತ ಕಾದೆ," ಎಂದ. ಪಪ್ಪಾಯಿಯನ್ನೂ ತೆಗೆದುಕೊಂಡ.

ಅಲ್ಲಿಂದ ಶುರುವಾಯಿತು. ಕಾರವಾರ ತಾಲೂಕಿನಲ್ಲಿ ರೇಷನ್ನಿಗೆ, ಆಧಾರಿಗೆ ಸಾಲು ನಿಂತದ್ದುಂಟು. ತಪ್ಪೊಪ್ಪಿಗೆಗೆ ಸಾಲು ನಿಂತದ್ದು ಇದೇ ಮೊದಲು. ಒಬ್ಬ ದೇವಿದಾಸನ ಹಲಸಿನ ಮರ ಒಣಗಲೆಂದು ಅದಕ್ಕೆ ಇಂಗು ಇಟ್ಟಿದ್ದ. ಇನ್ನೊಬ್ಬಳು ಅವನ ಗೇಟಿನ ಫಲಕದ ಮೇಲೆ ಸಗಣಿ ಎಸೆದು ಎಮ್ಮೆಯ ಹೆಸರು ಹೇಳಿದ್ದಳು. ಸ್ವತಃ ನಾಗಮ್ಮ ಬಂದು, "ಬಾಬಾ, ನಾನು ನಿನ್ನ ವಿಚಾರ ಎಂತೂ ಕೆಟ್ಟದ್ದು ಮಾತಾಡ್ಲಿಲ್ಲ. ನಿನ್ನ ಹೆಂಡ್ತಿ ವಿಚಾರ ಮಾತ್ರ ಆಡೀದೆ," ಎಂದಳು. ಅಡುಗೆಮನೆಯಲ್ಲಿ ಪಾತ್ರೆಯೊಂದು ಸದ್ದಾಗಿ ಬಿತ್ತು. ದೇವಿದಾಸ ಎಲ್ಲರಿಗೂ "ಗೊತ್ತಿತ್ತು" ಎನ್ನುತ್ತಿದ್ದ. ಅವರು ಹೋದ ಮೇಲೆ ಒಳಗೆ ಬಂದು ಕುಸಿದು ಕೂರುತ್ತಿದ್ದ. ಐವತ್ತನಾಲ್ಕು ವರ್ಷ ತಾನೊಂದು ಒಳ್ಳೆಯ ಊರಿನಲ್ಲಿದ್ದೇನೆ ಎಂದುಕೊಂಡಿದ್ದವನು ಅವನು.

"ಪಪ್ಪಾ, ಸತ್ಯ ಹೇಳಿಬಿಡಿ," ಎಂದಳು ದೀಕ್ಷಾ.

"ಇನ್ನೊಂದೆರಡು ದಿನ. ಇದರಿಂದ ಕೈ ಬಿಡಬಹುದು."

ಕೈ ಬಿಡಲಿಲ್ಲ. ಆಯಿಯ ಹೆಸರಿನ ಕೆಳಗೆ ಕಾಗದ ಬಿಳಿಯಾಗಿಯೇ ಇತ್ತು.

ಶುಕ್ರವಾರ ಕಚೇರಿಗೆ ಶಿವಾನಂದ ಬಂದ. ಮಾರ್ಚಿನಲ್ಲಿ ನಿವೃತ್ತನಾಗಿ ಮಲ್ಲಾಪುರದಲ್ಲಿ ಮಗನ ಕ್ವಾರ್ಟರ್ಸಿನಲ್ಲಿದ್ದ ಹಳೆಯ ಸೂಪರಿಂಟೆಂಡೆಂಟ್. ಸುದ್ದಿ ಕಾಳಿ ನದಿಯ ದಂಡೆ ಹಿಡಿದು ಅಲ್ಲಿವರೆಗೂ ಹೋಗಿತ್ತು. ಶಿವಾನಂದನಿಗೆ ರಕ್ತದೊತ್ತಡ ಬೇರೆ.

"ದೇವಿದಾಸ, ನಿನ್ನ ಬಿನ್ನವತ್ತಳೆ ವಿಚಾರ," ಎಂದು ಕುರ್ಚಿಯ ತುದಿಯಲ್ಲಿ ಕೂತ.

"ಗೊತ್ತು ಸರ್," ಎಂದ ದೇವಿದಾಸ. ಅಷ್ಟರಲ್ಲಿ ಅದು ಉಸಿರಾಟದ ಹಾಗೆ ಆಗಿಬಿಟ್ಟಿತ್ತು.

"ಗೊತ್ತಾ? ಹಂಗಾದ್ರೆ ಮುಚ್ಚಿ ಏನು ಪ್ರಯೋಜನ. ಹೌದು, ನೀನು ಬರದದ್ದನ್ನ ಸಭೆಲಿ ಓದಿಸ್ಕಂಡೆ, ಮನೆಗೆ ಹೋಗಿ ಮಲ್ಲಾಪುರದ ಮಾಸ್ತರು ಒಬ್ರ ಹತ್ರ ಬೇರೆ ಬರೆಸಿ ಗೋಡೆಗೆ ಹಾಕ್ಕಂಡೆ. ನಿಂದು ಕಪಾಟಿನ ಹಿಂದೆ ತೇವಕ್ಕೆ ಅಡ್ಡ ಇಟ್ಟೀದೆ."

ದೇವಿದಾಸನ ಮುಖ ಇಳಿಯಿತು. "ಯಾಕೆ ಸರ್?"

"ಗೊತ್ತು ಅಂದಿ?"

"ಯಾಕೆ ಅನ್ನೂದು ಗೊತ್ತಿಲ್ಲ."

"ನನ್ನ ಹಿಂದಿನ ತಿಂಗಳು ಪೊಲೀಸರ ನಾಯಿ ರಿಟೈರ್ ಆಯ್ತಲ್ಲ, ಅದಕ್ಕೂ ನೀನೇ ಬರದದ್ದು. ಮಗ ಎರಡನ್ನೂ ಮೊಬೈಲಲ್ಲಿ ಅಕ್ಕಪಕ್ಕ ಇಟ್ಟು ತೋರ್ಸಿದ. 'ಹೇ ಕರ್ತವ್ಯನಿಷ್ಠರೇ' ಅದಕ್ಕೂ ಉಂಟು. 'ಅಪರಾಧಗಳನ್ನು ಮೂಸಿ ನೋಡಿದವರೇ' ಅನ್ನೋ ಒಂದು ಸಾಲು ಮಾತ್ರ ನಂದರಲ್ಲಿ ಇಲ್ಲ. ಉಳಿದದ್ದೆಲ್ಲ ನಾನೂ ನಾಯಿನೂ ಒಂದೇ." ಶಿವಾನಂದ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. "ಮೂವತ್ತಾರು ವರ್ಷ ಸರ್ವಿಸು, ದೇವಿದಾಸ. ನಾಯಿದು ಒಂಬತ್ತೇ."

ಗಾರಾಣೆ ಹಾಕಿದವನು ಯಾರು, ಹಾಕಿಸಿಕೊಂಡವನು ಯಾರು ಎಂದು ತಿಳಿಯದಂತೆ ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು. ಹೋಗುವಾಗ ಶಿವಾನಂದ, "ಇನ್ನೂ ಎಷ್ಟು ಜನರದ್ದು ಕಪಾಟಿನ ಹಿಂದೆ ಉಂಟೋ ಏನೋ, ನೀನು ಬೇಜಾರು ಮಾಡ್ಕಳ್ಬೇಡ," ಎಂದು ಸಮಾಧಾನ ಹೇಳಿದ. ಅದರಿಂದ ಆಗಬೇಕಾದ ಬೇಜಾರೆಲ್ಲ ಆಯಿತು.

ಶನಿವಾರ ಅಂಕೋಲೆಯಿಂದ ತಂಗಿ ಲಲಿತಾಳ ಫೋನು. ಮಾತಿಗಿಂತ ಅಳುವೇ ಜಾಸ್ತಿ. "ದಾದಾ, ನನ್ನ ಮೇಲೇ ಹಾಕಿದ್ಯಲ್ಲ? ನಂಗೆ ಗೊತ್ತು ನನ್ನ ಮೇಲೇ. ಫೋನಲ್ಲಿ ಹೇಳೂಕಾಗುದಿಲ್ಲ, ನೀನೇ ಬಾ." ಆಯಿ ಕೊನೆಯ ಎರಡು ತಿಂಗಳು ಅಂಕೋಲೆಯ ಲಲಿತಾಳ ಮನೆಯಲ್ಲಿದ್ದು ಅಲ್ಲೇ ತೀರಿಕೊಂಡಿದ್ದಳು. ದೇವಿದಾಸ ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದ.

ಈ ಭಾನುವಾರವೂ ಅದೇ ಬಸ್ಸು ಹತ್ತಿದ. ತೋಡೂರು ಬಂದಾಗ ತಾನಾಗಿ ಸೀಟಿನಿಂದ ಅರ್ಧ ಎದ್ದ. ಆಯಿಯ ತವರು ತೋಡೂರು. ಆ ಮನೆ ನೌಕಾನೆಲೆಯ ಕಾಂಪೌಂಡಿನೊಳಕ್ಕೆ ಹೋಗಿ ವರ್ಷಗಳಾಗಿದ್ದವು. ಆದರೂ ಆಯಿ ಇಲ್ಲಿ ಬಸ್ಸು ಬಂದಾಗಲೆಲ್ಲ ಎದ್ದು ನಿಂತು ಗೋಡೆಯ ಆಚೆ ಇಣುಕುತ್ತಿದ್ದಳು. "ಗೋಡೆ ಕಾಣ್ತದೆ ಅಷ್ಟೇ ಆಯಿ, ಕೂತ್ಕ," ಎಂದು ಅವನು ಸೆರಗು ಜಗ್ಗುತ್ತಿದ್ದ. ಈಗ ಹಿಂದಿನ ಸೀಟಿನವನು, "ಇಳೀತ್ರಾ ಇಲ್ಲಾ ಕೂತ್ಕಳ್ತ್ರಾ?" ಎಂದ. ದೇವಿದಾಸ ಕೂತ.

ಲಲಿತಾ ಚಿಪ್ಪುಮೀನಿನ ತಿಸ್ರೆ ಸುಕ್ಕೆ ಮಾಡಿ ಬಡಿಸಿದಳು. ಆದರೆ ಅಣ್ಣನ ಮುಖ ನೋಡಲಿಲ್ಲ. ಊಟವಾದ ಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿದಳು: "ನಾನು ನಿನ್ನ ಹೆಸರಲ್ಲಿ ಆಯಿಗೆ ಸುಳ್ಳು ಹೇಳ್ದೆ."

'ಗೊತ್ತಿತ್ತು' ಎನ್ನಲು ದೇವಿದಾಸ ಬಾಯಿ ತೆರೆದ. ಹೊರಡಲಿಲ್ಲ.

"ನೀನು ಪ್ರತಿ ಭಾನುವಾರ ಬಂದು ಹೋದ ಮೇಲೆ ಕೇಳೂದು, 'ದೇವು ಕಾಗದ ತಂದ್ನಾ?' ಅಂತ. ಎಂತ ಕಾಗದ ಆಯಿ ಅಂದ್ರೆ, 'ಎಲ್ಲಾರಿಗೂ ಬರ್ಕೊಟ್ಟು ಮೈಕಲ್ಲಿ ಓದ್ತನಲ್ಲ, ಅದು. ನಂಗೂ ಬರೀತೆ ಅಂದಾನೆ.' ಜ್ವರಕ್ಕೆ ಏನೋ ಹೇಳ್ತದೆ ಅಂದ್ಕಂಡೆ ದಾದಾ. ಕಡೆಗೆ ಅದರ ಮುಖ ನೋಡೂಕಾಗದೆ, 'ಬರೀತಾ ಇದಾನೆ ಆಯಿ, ಬಹಳ ದೊಡ್ಡದು ಬರೀತಾ ಇದಾನೆ, ಅದಕ್ಕೇ ತಡ' ಅಂದೆ."

"ಎಂತ ಅಂದ್ಲು?"

"'ದೊಡ್ಡದಾದ್ರೆ ತಡ ಆಗ್ಲಿ,' ಅಂತು. ಕಾಯ್ತು."

ದೇವಿದಾಸನಿಗೆ ಆಗ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಅವನ ಕಚೇರಿಯ ಜವಾನನೊಬ್ಬನ ಬೀಳ್ಕೊಡುಗೆ; ಆಯಿಯನ್ನೂ ಕರೆದುಕೊಂಡು ಹೋಗಿದ್ದ. ಬಿನ್ನವತ್ತಳೆ ಕೇಳಿದ ಆಯಿ ಮನೆಗೆ ಬಂದು, "ನಂಗೂ ಒಂದು ಬರಿಯಾ ದೇವು," ಎಂದಿದ್ದಳು. "ನೀನು ಎಲ್ಲಿಂದ ರಿಟೈರ್ ಆಗ್ತೆ ಆಯಿ?" ಎಂದು ಅವನು ಕೇಳಿದ್ದ. "ಒಲೆ ಮುಂದಿಂದ," ಎಂದಿದ್ದಳು. ಮನೆಯವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ದೇವಿದಾಸ. ನಗುತ್ತಲೇ, "ಆಯ್ತು, ಬರೀತೆ," ಎಂದಿದ್ದ.

ಅದು ನಗೆಗೆ ಹೇಳಿದ್ದೆಂದು ಆಯಿಗೆ ಯಾರೂ ತಿಳಿಸಿರಲಿಲ್ಲ.

ಮಂಗಳವಾರ ಏಳನೇ ದಿನ. ಬೆಳಿಗ್ಗೆ ಒಂಬತ್ತಕ್ಕೇ ಪುರುಸನ ಗುಡಿಯ ಮುಂದೆ ಜನ. ಕಿಶನ, ನಾಗಮ್ಮ, ಹಲಸಿಗೆ ಇಂಗಿಟ್ಟವನು, ಎಮ್ಮೆಯವಳು. ಮಲ್ಲಾಪುರದಿಂದ ಶಿವಾನಂದ, ಅಂಕೋಲೆಯಿಂದ ಲಲಿತಾ. ಗುಡಿಯ ಪೂಜಾರಿ ಜಟ್ಟು ಗುನಗ ಮಿಂದು ಒದ್ದೆ ಪಂಚೆಯಲ್ಲಿ ಕಲ್ಲಿನ ಬಳಿ ನಿಂತಿದ್ದ. ದೇವಿದಾಸ ಹಾರ್ಲಿಕ್ಸ್ ಬಾಟಲಿ ಎತ್ತಿ ಹಿಡಿದು ಬಂದ.

"ಎಲ್ಲಾರೂ ಕೇಳಿ. ಇದು ಗಾರಾಣೆ ಅಲ್ಲ. ಬರವಣಿಗೆ ಅಭ್ಯಾಸ. ಈ ಬಾಟಲಿಯಿಂದ ಚೀಟಿ ತೆಗೆದು ಬರದದ್ದು. ನಂಗೆ ಯಾರ ಮೇಲೂ ಸಿಟ್ಟಿಲ್ಲ. ಗೊತ್ತಿತ್ತು ಅಂದದ್ದು ಸುಳ್ಳು. ನಂಗೆ ಎಂತದ್ದೂ ಗೊತ್ತಿರ್ಲಿಲ್ಲ. ಅರ್ಜಿ ವಾಪಸ್ ತಕಳ್ತೆ."

ಜನ ಬಾಟಲಿ ನೋಡಿದರು. "ಪಾಪ, ಹೆದರಿಕೊಂಡಾನೆ," ಎಂದಳು ನಾಗಮ್ಮ. "ಯಾರೋ ಬೆದರಿಸೀರು."

ಜಟ್ಟು ಗುನಗ ತಲೆಯಾಡಿಸಿದ. "ಹಾಗೆಲ್ಲ ವಾಪಸ್ ತಕಳುಕೆ ಬರೂದಿಲ್ಲ ಸಾಹೇಬ್ರೆ. ನಿಮ್ಮ ಕಚೇರಿಲಿ ಒಂದ್ಸಲ ಒಳಗೆ ತಕಂಡ ಅರ್ಜಿ, 'ಸುಮ್ನೆ ಬರದದ್ದು' ಅಂದ್ರೆ ವಾಪಸ್ ಕೊಡ್ತ್ರಾ?"

ದೇವಿದಾಸನೊಳಗಿನ ಗುಮಾಸ್ತ ಸುಳ್ಳು ಹೇಳಲಾರದೆ ಒಪ್ಪಿಕೊಂಡ. "ಕೊಡುದಿಲ್ಲ. ವಿಲೇವಾರಿ ಆಗ್ಬೇಕು."

"ಹಾಂ. ಪುರುಸನೇ ವಿಲೇವಾರಿ ಮಾಡ್ಲಿ."

ಜಟ್ಟು ಕಲ್ಲಿಗೆ ನೀರು ಹೊಯ್ದು, ಎಡಕ್ಕೊಂದು ಬಲಕ್ಕೊಂದು ಹೂವಿನ ಎಸಳು ಅಂಟಿಸಿದ. ಕೇಳಿದ ಪ್ರಶ್ನೆಗೆ ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಗಾಳಿ ನಿಂತಿತ್ತು.

"ಪುರುಸಾ, ಈ ಅರ್ಜಿ ಕಿಶನನ ಮೇಲಿನದ್ದಾ?"

ಎಡ ಎಸಳು ಬಿತ್ತು. ಕಿಶನ ಕುಣಿಯುವ ಬದಲು ಸಿಟ್ಟಾದ. "ಅಲ್ವಾ? ಹಂಗಾದ್ರೆ ಕಂಬ ಯಾಕೆ ಕಿತ್ತೆ ನಾನು?"

"ನಾಗಮ್ಮನ ಮೇಲಿನದ್ದಾ?" ಎಡ. "ಶಿವಾನಂದ ಸಾಹೇಬ್ರದ್ದಾ?" ಎಡ. ಇಂಗು, ಎಮ್ಮೆ, ಎರಡಕ್ಕೂ ಎಡ. ಲಲಿತಾಳ ಹೆಸರು ಕೇಳಿದಾಗ ಎಸಳು ಬಹಳ ಹೊತ್ತು ಅಂಟಿಕೊಂಡಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಎಡದ್ದೇ ಬಿತ್ತು. ಜಟ್ಟು ಸುತ್ತ ನೋಡಿದ. ಹೆಸರುಗಳು ಮುಗಿದಿದ್ದವು.

"ನನ್ನ ಹೆಸರು ಕೇಳು," ಎಂದ ದೇವಿದಾಸ.

"ಅರ್ಜಿ ಹಾಕಿದವರ ಹೆಸರು ಕೇಳೂ ಪದ್ಧತಿ ಇಲ್ಲ."

"ಕೇಳು ಜಟ್ಟು."

ಜಟ್ಟು ಒಲ್ಲದ ಮನಸ್ಸಿನಿಂದ ಎಸಳು ಅಂಟಿಸಿ ಬಾಯಿ ತೆರೆದ. ಪ್ರಶ್ನೆ ಪೂರ್ತಿಯಾಗಲಿಲ್ಲ. ಬಲದ ಎಸಳು ಬಿತ್ತು.

ಊರಿಗೆ ಊರೇ ಹಗುರಾಯಿತು. "ತನ್ನ ಮೇಲೆ ತಾನೇ ಗಾರಾಣೆ ಹಾಕ್ಕಂಡ ಗಂಡಸನ್ನ ನಾನು ಇದೇ ಮೊದ್ಲು ನೋಡೂದು," ಎಂದಳು ನಾಗಮ್ಮ. ಎಲ್ಲರೂ ತಾವು ಒಪ್ಪಿಕೊಂಡದ್ದನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ಪಡೆದರು. ಸಗಣಿ ಮತ್ತೆ ಎಮ್ಮೆಯದಾಯಿತು. ಮಧ್ಯಾಹ್ನದ ಹೊತ್ತಿಗೆ ಕಿಶನ ಬೇಲಿ ಕಂಬವನ್ನು ಒಂದೂವರೆ ಮೊಳ ಈಚೆ ತಂದ. ಒಂದು ವಾರ ಪಟ್ಟ ಮನೋವ್ಯಥೆಗೆ ಇರಲಿ ಎಂದು ಮೇಲೆ ಒಂದು ಗೇಣು ಸೇರಿಸಿದ. ಪಪ್ಪಾಯಿಯ ಬಗ್ಗೆಯೂ ವಿಚಾರಿಸಿದ. ತಿಂದಾಗಿತ್ತು.

ದೇವಿದಾಸ ಬೇಲಿಯ ಕಡೆ ನೋಡಲೇ ಇಲ್ಲ. ಅಡುಗೆಮನೆಗೆ ಹೋದ. ಗ್ಯಾಸು ಬಂದ ಮೇಲೆ ಯಾರೂ ಹಚ್ಚದ ಹಳೆಯ ಒಲೆ ಮೂಲೆಯಲ್ಲಿತ್ತು. ಅದರ ಮುಂದೆ ಆಯಿ ಕೂರುತ್ತಿದ್ದ ಮಣೆ. ಅದರ ಮೇಲೆ ಕೂರುವ ಧೈರ್ಯವಾಗದೆ ಪಕ್ಕದಲ್ಲಿ ನೆಲಕ್ಕೆ ಕೂತು ಬರೆದ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಬುಧವಾರ ಸಂಜೆ ನಾಲ್ಕೂ ಐವತ್ತಕ್ಕೆ ಪತ್ರಿಕೆಯ ಕೌಂಟರಿನವನು ಅದನ್ನು ಎರಡು ಸಲ ಓದಿದ. "ಸರ್, ಇದು ಪುಣ್ಯಸ್ಮರಣೆನಾ, ನೋಟಿಸಾ?"

"ಎರಡೂ," ಎಂದ ದೇವಿದಾಸ.

"ಮೂರನೇ ನಂಬರು ಇನ್ನೂ ಉಂಟು ಸರ್."

"ಬೇಡ."

ಶುಕ್ರವಾರದ ಪತ್ರಿಕೆಯಲ್ಲಿ ಪುಣ್ಯಸ್ಮರಣೆಯ ಪುಟದಲ್ಲಿ ಆಯಿ ಇರಲಿಲ್ಲ. ರೂಪಾ ಪುಟ ಮಗುಚಿ ಮಗುಚಿ ಕೊನೆಗೆ ಟೆಂಡರ್ ಪ್ರಕಟಣೆಗಳ ಪುಟದಲ್ಲಿ ಹಿಡಿದಳು. ಒಂದು ಕಡೆ ಚರಂಡಿ ದುರಸ್ತಿ, ಇನ್ನೊಂದು ಕಡೆ ಹಳೆಯ ಜೀಪಿನ ಬಹಿರಂಗ ಹರಾಜು, ನಡುವೆ ತಲೆ ತುಂಬ ಸೆರಗು ಹೊದ್ದ ಹೀರಾಬಾಯಿ. ಕೆಳಗೆ:

"ಇಂದ: ದೇವಿದಾಸ, ಮಗ. ಇವರಿಗೆ: ಹೀರಾಬಾಯಿ, ಒಲೆಯ ಮುಂದೆ, ಕದ್ವಾಡ. ವಿಷಯ: ತಮ್ಮ ಬಿನ್ನವತ್ತಳೆ ತಡವಾದ ಕುರಿತು. ಉಲ್ಲೇಖ: ತಮ್ಮ ಮೌಖಿಕ ಕೋರಿಕೆ. ಆಯಿ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನೀನು ಕೇಳಿದ್ದೆ. ನಾನು ನಕ್ಕೆ. ಈಗ ಬರೆದಿದ್ದೇನೆ. ದೊಡ್ಡದಾಗಲಿಲ್ಲ."

ವರ್ಷಾಂತಿಕದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ದೇವಿದಾಸ ಅದನ್ನೇ ಚೌಕಟ್ಟು ಹಾಕಿಸಿ ತಂದದ್ದನ್ನು ಅಡುಗೆಮನೆಗೆ ಒಯ್ದು, ಒಲೆಯ ಮುಂದೆ ನಿಂತು, ಮೈಕಿಲ್ಲದೆ ಓದಿದ. ಬಿನ್ನವತ್ತಳೆ ಓದಿದ ಮೇಲೆ ಒಂದು ಕ್ರಮವಿದೆ. ಓದಿದವನು ಚೌಕಟ್ಟನ್ನು ಮುಂದೆ ಚಾಚುತ್ತಾನೆ, ನಿವೃತ್ತರಾದವರು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ. ದೇವಿದಾಸ ಅಭ್ಯಾಸಬಲದಿಂದ ಚೌಕಟ್ಟನ್ನು ಮುಂದೆ ಚಾಚಿದ. ಚಾಚಿಕೊಂಡೇ ನಿಂತ.

ಬಾಗಿಲಲ್ಲಿ ಲಲಿತಾ, ದೀಕ್ಷಾ ನಿಂತಿದ್ದರು. ಪಾತ್ರೆ ತೊಳೆಯುತ್ತಿದ್ದ ರೂಪಾ ಕೈ ಒರೆಸಿಕೊಂಡು ಬಂದಳು.

"ಕೊಡಿ ಇಲ್ಲಿ. ಎಷ್ಟು ಹೊತ್ತು ಹಿಡ್ಕಂಡು ನಿಂತ್ಕಳ್ತ್ರಿ," ಎಂದು ಎರಡೂ ಕೈಯಿಂದ ತೆಗೆದುಕೊಂಡು, ಒಲೆಯ ಮೇಲಿನ ಮೊಳೆಗೆ ತೂಗುಹಾಕಿದಳು. ಸ್ವಲ್ಪ ಓರೆಯಾಗಿತ್ತು, ಸರಿಮಾಡಿದಳು. ಆಮೇಲೆ ಅವನ ಕಡೆ ತಿರುಗದೆಯೇ ಹೇಳಿದಳು: "ನಂಗಿನ್ನೂ ಕಿವಿ ಕೇಳ್ತದೆ. ನಂದು ಈಗ್ಲೇ ಬರ್ದಿಡಿ."

ದೇವಿದಾಸ ಅಲ್ಲೇ ಕೂತು ಕಾಗದ ತೆಗೆದ. 'ಹೇ ಕ' ಎಂದು ಬರೆದ. ರೂಪಾ ನೋಡಿದಳು. ಹೊಡೆದುಹಾಕಿದ. 'ವಿಷಯ' ಎಂದು ಬರೆದ. ಇಪ್ಪತ್ತಾರು ವರ್ಷದಿಂದ ಕಂಡ ಮುಖವನ್ನು ಮೇಲೆ ಕೆಳಗೆ ನೋಡಿದ. ಮುಂದಿನದು ಬರಲಿಲ್ಲ.

ದೀಕ್ಷಾ ಸದ್ದಿಲ್ಲದೆ ಹಾರ್ಲಿಕ್ಸ್ ಬಾಟಲಿ ತಂದಿಟ್ಟಳು. ರೂಪಾಳೇ ಒದ್ದೆ ಕೈ ಹಾಕಿ ಒಂದು ಚೀಟಿ ಎತ್ತಿ ಓದಿದಳು: ದಿನಾ ಎದುರಿಗಿದ್ದರೂ ನೀವು ಎಂದೂ ನೋಡದ ಒಂದರ ಬಗ್ಗೆ ಬರೆಯಿರಿ.

ಚೀಟಿಯನ್ನು ಅವನ ಕಾಗದದ ಮೇಲಿಟ್ಟು, ಹಾರದಿರಲೆಂದು ಮೇಲೊಂದು ತೆಂಗಿನಕಾಯಿ ಇಟ್ಟಳು.

"ಏಳು ದಿನ," ಎಂದು ಪಾತ್ರೆ ತೊಳೆಯಲು ಹೋದಳು.